ಎಎನ್‌ಸಿ ಪುಸ್ತಕ ಮತ್ತು ಜ್ವರದ ಚೀಲ: ಕೀಮೋ ನಡೆಯುತ್ತಿರುವ ಮಗುವನ್ನು ಶಿರಸಿ ಸೀಮೆಯ ಮನೆಯಲ್ಲಿ ನೋಡಿಕೊಳ್ಳುವ ಬಗೆ

ನಮ್ಮ ಮಗಳಿಗೆ ಐದು ತುಂಬುವ ಹೊತ್ತಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲ ಸುತ್ತಿನ ಕೀಮೋ ಮುಗಿಸಿಕೊಂಡು ಶಿರಸಿ ಹತ್ತಿರದ ನಮ್ಮ ಹಳ್ಳಿಗೆ ಮರಳಿದ ವಾರ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಕೂಸನ್ನು ಒಳಗಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿಬಿಡಿ, ಯಾರನ್ನೂ ಹತ್ತಿರ ಬಿಡಬೇಡಿ. ಹಾಗೆ ಹೇಳಿದವರಲ್ಲಿ ಹೆಚ್ಚಿನವರು ಆ ಕೋಣೆಯೊಳಗೇ ನಿಂತುಕೊಂಡು ಹೇಳುತ್ತಿದ್ದರು.

ಬಾಗಿಲು ಹಾಕುವುದರಿಂದ ಆಗುವ ಪ್ರಯೋಜನ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಕೀಮೋ ಪಡೆಯುತ್ತಿರುವ ಮಕ್ಕಳಿಗೆ ಬರುವ ಗಂಭೀರ ಸೋಂಕುಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವಲ್ಲ. ಮಗುವಿನ ಬಾಯಿ, ಕರುಳು, ಚರ್ಮಗಳಲ್ಲಿ ಮೊದಲಿನಿಂದಲೂ ಸುಮ್ಮನೆ ಇದ್ದ ಬ್ಯಾಕ್ಟೀರಿಯಾಗಳೇ, ಕೀಮೋದಿಂದ ರಕ್ಷಣಾಶಕ್ತಿ ಕುಗ್ಗಿ ಕಾವಲು ಇಲ್ಲದ ಸಮಯ ನೋಡಿ ರಕ್ತಕ್ಕೆ ನುಗ್ಗುತ್ತವೆ. ಕೈ ತೊಳೆಯುವುದು, ನೀರು ಕುದಿಸುವುದು, ಕೆಮ್ಮುವವರನ್ನು ದೂರ ಇಡುವುದು ಎಲ್ಲವೂ ಬೇಕು. ಆದರೆ ಇಷ್ಟನ್ನೂ ಅಚ್ಚುಕಟ್ಟಾಗಿ ಮಾಡಿದ ಮನೆಯಲ್ಲಿಯೂ ಒಂದಲ್ಲ ಒಂದು ರಾತ್ರಿ ಜ್ವರ ಬರುತ್ತದೆ. ಆ ರಾತ್ರಿ ನೀವು ಎಷ್ಟು ಬೇಗ ಆ್ಯಂಟಿಬಯೋಟಿಕ್ ಸಿಗುವ ಜಾಗ ತಲುಪುತ್ತೀರಿ ಎಂಬುದೇ ಮುಖ್ಯ ಪ್ರಶ್ನೆ. ಘಟ್ಟ, ಹೊಳೆ, ಮಳೆಗಳ ನಡುವೆ ಇರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಪ್ರತಿ ಮಗುವಿನ ರೋಗ, ಔಷಧ, ಹಂತ ಬೇರೆಬೇರೆಯಾಗಿರುವುದರಿಂದ, ಇಲ್ಲಿ ಬರೆದದ್ದಕ್ಕೂ ನಿಮ್ಮ ವೈದ್ಯರು ಹೇಳಿದ್ದಕ್ಕೂ ವ್ಯತ್ಯಾಸ ಕಂಡುಬಂದರೆ ವೈದ್ಯರ ಮಾತನ್ನೇ ಹಿಡಿಯಿರಿ.

ಮೊದಲ ಹೆಜ್ಜೆ: ಎಎನ್‌ಸಿ ಲೆಕ್ಕ ಕಲಿಯುವುದು

ರಕ್ತದ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಒಂದು ಬಗೆ ಇದೆ. ಬ್ಯಾಕ್ಟೀರಿಯಾ ಮತ್ತು ಬೂಷ್ಟಿನ ವಿರುದ್ಧ ಮೊದಲು ಓಡಿಬರುವುದು ಅದೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅದು ಎಷ್ಟಿದೆ ಎಂಬ ಸಂಖ್ಯೆಗೆ ಎಎನ್‌ಸಿ ಎನ್ನುತ್ತಾರೆ. ನಮ್ಮ ಕಡೆಯ ಸರಕಾರಿ ಆಸ್ಪತ್ರೆಗಳಲ್ಲಿ ಎಎನ್‌ಸಿ ಎಂದರೆ ಗರ್ಭಿಣಿಯರ ತಪಾಸಣೆ ಎಂದೇ ರೂಢಿ. ಮಗಳ ಎಎನ್‌ಸಿ ಕಡಿಮೆಯಾಗಿದೆ ಎಂದು ನಾನು ಫೋನಿನಲ್ಲಿ ಹೇಳಿದಾಗ ಊರಿನ ಆಶಾ ಕಾರ್ಯಕರ್ತೆ ಒಂದು ಕ್ಷಣ ಮಾತೇ ಆಡಲಿಲ್ಲ. ಹಾಗಾಗಿ ಹೊಸಬರ ಹತ್ತಿರ ಮಾತನಾಡುವಾಗ ನ್ಯೂಟ್ರೋಫಿಲ್ ಎಣಿಕೆ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಕೆಲವು ಲ್ಯಾಬುಗಳು ಈ ಸಂಖ್ಯೆಯನ್ನು ನೇರವಾಗಿ ಬರೆದು ಕೊಡುವುದಿಲ್ಲ. ಆಗ ನೀವೇ ಲೆಕ್ಕ ಹಾಕಬಹುದು. ರಿಪೋರ್ಟಿನಲ್ಲಿ ಒಟ್ಟು ಬಿಳಿ ರಕ್ತಕಣ 1,800 ಎಂದೂ ನ್ಯೂಟ್ರೋಫಿಲ್ ಶೇಕಡಾ 22 ಎಂದೂ ಇದ್ದರೆ, 1,800ನ್ನು 22ರಿಂದ ಗುಣಿಸಿ 100ರಿಂದ ಭಾಗಿಸಿದಾಗ 396 ಬರುತ್ತದೆ. ಸಾಮಾನ್ಯವಾಗಿ 1,500ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ, 1,000ಕ್ಕಿಂತ ಕೆಳಗೆ ಎಚ್ಚರ ಬೇಕು, 500ಕ್ಕಿಂತ ಕೆಳಗೆ ಇಳಿದರೆ ಸೋಂಕಿನ ಅಪಾಯ ಬಹಳ ಹೆಚ್ಚು. ಮೇಲಿನ ಉದಾಹರಣೆಯ ಮಗು ಆ ಕೊನೆಯ ಗುಂಪಿನಲ್ಲಿದೆ.

ಒಂದು ನೂರು ಪುಟದ ನೋಟ್‌ಪುಸ್ತಕ ತೆಗೆದುಕೊಂಡು ದಿನಾಂಕ, ಎಎನ್‌ಸಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ), ಕೊಟ್ಟ ಔಷಧ ಎಂದು ಐದು ಅಂಕಣ ಎಳೆಯಿರಿ. ನಮ್ಮ ಪುಸ್ತಕ ಅಡುಗೆಮನೆಯ ಬಾಗಿಲ ಹಿಂದೆ, ಕ್ಯಾಲೆಂಡರಿನ ಮೊಳೆಗೇ ದಾರ ಕಟ್ಟಿ ನೇತುಹಾಕಿದ್ದಾಗಿತ್ತು; ಅದರ ಮೇಲೆ ಅರಿಸಿನದ ಬೆರಳಚ್ಚು ಈಗಲೂ ಇದೆ. ಎರಡು ಮೂರು ತಿಂಗಳು ಬರೆದ ಮೇಲೆ ಏರಿಳಿತದ ಲಯ ಕಣ್ಣಿಗೆ ಕಾಣುತ್ತದೆ. ಅನೇಕ ಕೀಮೋ ಔಷಧಗಳಲ್ಲಿ ಎಣಿಕೆ ತಳ ಮುಟ್ಟುವುದು ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಟ್ಟರೆ ಯಾವ ಮದುವೆಗೆ ಹೋಗಬಹುದು, ಯಾವುದಕ್ಕೆ ಹೋಗಬಾರದು ಎಂಬ ಚರ್ಚೆಯೇ ಮನೆಯಲ್ಲಿ ಇರುವುದಿಲ್ಲ.

ಔಷಧಗಳ ವಿಷಯದಲ್ಲಿ ಇದೇ ಪುಸ್ತಕ ಇನ್ನೊಂದು ಅನಾಹುತವನ್ನೂ ತಪ್ಪಿಸುತ್ತದೆ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ನಿರ್ವಹಣಾ ಹಂತದಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ ದಿನವೂ ಇರುತ್ತದೆ, ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ಇರುತ್ತದೆ. ವಾರದ ಮಾತ್ರೆಯನ್ನು ಮರೆತು ದಿನವೂ ಕೊಟ್ಟರೆ ಜೀವಕ್ಕೇ ಅಪಾಯ. ನಾವು ಮೆಥೋಟ್ರೆಕ್ಸೇಟನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಮುಚ್ಚಳದ ಮೇಲೆ ‘ಗುರುವಾರ ಮಾತ್ರ’ ಎಂದು ಬರೆದಿದ್ದೆವು. ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಬಾರದಂತೆ ಕೊಡುವ ಕೋಟ್ರೈಮಾಕ್ಸಜೋಲ್ ವಾರಕ್ಕೆ ಎರಡು ಮೂರು ದಿನ ಮಾತ್ರ ಇರುವುದರಿಂದ, ಮಗು ಆರೋಗ್ಯವಾಗಿ ಕಂಡಾಗ ಅದನ್ನೇ ಬಿಟ್ಟುಬಿಡುವ ಮನಸ್ಸಾಗುತ್ತದೆ. ಬಿಡಬೇಡಿ.

ಎರಡನೆಯ ಹೆಜ್ಜೆ: ಜ್ವರದ ರಾತ್ರಿಗೆ ಸಿದ್ಧತೆ

ಮನೆಯಲ್ಲಿ ಎರಡು ಡಿಜಿಟಲ್ ಥರ್ಮಾಮೀಟರ್ ಇರಲಿ. ಒಂದರ ಬ್ಯಾಟರಿ ಸರಿಯಾಗಿ ಅದೇ ರಾತ್ರಿ ಮುಗಿದಿರುತ್ತದೆ. ಬಾಯಲ್ಲೋ ಕಂಕುಳಲ್ಲೋ, ಆಸ್ಪತ್ರೆಯವರು ಹೇಳಿದ ಒಂದೇ ಜಾಗದಲ್ಲಿ ಅಳೆಯುವ ರೂಢಿ ಇಟ್ಟುಕೊಳ್ಳಿ. ಗುದದ್ವಾರದಲ್ಲಿ ಮಾತ್ರ ಎಂದಿಗೂ ಅಳೆಯಬಾರದು, ಎನಿಮಾ ಅಥವಾ ಸಪೊಸಿಟರಿ (ಗುದದ್ವಾರದಲ್ಲಿ ಇಡುವ ಮಾತ್ರೆ) ಕೊಡಬಾರದು, ಏಕೆಂದರೆ ಅಲ್ಲಿ ಆಗುವ ಸಣ್ಣ ಗೀರಿನಿಂದಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಉಷ್ಣತೆ ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ, ಅಥವಾ 100.4 ಡಿಗ್ರಿಯಲ್ಲಿ ಒಂದು ಗಂಟೆ ಇಳಿಯದೆ ನಿಂತರೂ, ಅದನ್ನು ತುರ್ತು ಎಂದೇ ತಿಳಿಯಬೇಕು. ಕೆಲವು ಆಸ್ಪತ್ರೆಗಳು 100.4 ಒಮ್ಮೆ ಬಂದರೂ ಹೊರಡಿ ಎನ್ನುತ್ತವೆ. ನಿಮಗೆ ಹೇಳಿದ ಅಂಕಿಯನ್ನು ಥರ್ಮಾಮೀಟರಿನ ಡಬ್ಬಿಯ ಮೇಲೆಯೇ ಬರೆದಿಡಿ.

ಜ್ವರವಿಲ್ಲದೆಯೂ ಹೊರಡಬೇಕಾದ ಸಂದರ್ಭಗಳಿವೆ. ಸ್ಟೀರಾಯ್ಡ್ ಕೊಡುತ್ತಿರುವ ವಾರಗಳಲ್ಲಿ ಸೋಂಕು ಇದ್ದರೂ ಮೈ ಬಿಸಿಯಾಗದೇ ಇರಬಹುದು. ಚಳಿ ಬಂದು ನಡುಗುವುದು, ಕೈಕಾಲು ತಣ್ಣಗಾಗುವುದು, ಉಸಿರು ಜೋರಾಗುವುದು, ಎಬ್ಬಿಸಿದರೂ ಸರಿಯಾಗಿ ಏಳದೆ ಜೋಲುವುದು, ಮೂತ್ರ ಕಡಿಮೆಯಾಗುವುದು, ಸಹಿಸಲಾಗದ ಹೊಟ್ಟೆನೋವು ಇವುಗಳಲ್ಲಿ ಯಾವುದೇ ಕಂಡರೂ ಥರ್ಮಾಮೀಟರು ಏನು ಹೇಳುತ್ತದೆ ಎಂದು ಕಾಯಬೇಡಿ. ಕೀಮೋಪೋರ್ಟ್ ಅಥವಾ ಪಿಕ್ ಲೈನ್ (ಔಷಧ ಹಾಯಿಸಲು ದೊಡ್ಡ ರಕ್ತನಾಳದೊಳಗೆ ಕೂರಿಸಿಡುವ ಕೊಳವೆ) ಇರುವ ಮಕ್ಕಳಿಗೆ, ಅದರಲ್ಲಿ ಔಷಧವನ್ನೋ ಸಲೈನನ್ನೋ ಹಾಯಿಸಿದ ಸ್ವಲ್ಪ ಹೊತ್ತಿನಲ್ಲೇ ಚಳಿ ನಡುಕ ಬಂದರೆ ಲೈನಿನೊಳಗೇ ಸೋಂಕಾಗಿರುವ ಸಾಧ್ಯತೆ ಹೆಚ್ಚು.

ಈಗ ಅತ್ಯಂತ ಕಷ್ಟದ ಮಾತು: ಜ್ವರ ಕಂಡ ಕೂಡಲೇ ಪ್ಯಾರಾಸಿಟಮಾಲ್ ಕೊಡಬಾರದು. ಮೊದಲು ಚಿಕಿತ್ಸೆಯ ಆಸ್ಪತ್ರೆಗೆ ಫೋನು, ಆಮೇಲೆ ಅಲ್ಲಿಯವರು ಹೇಳಿದರೆ ಮಾತ್ರ ಔಷಧ. ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸುತ್ತದೆಯೇ ಹೊರತು ಸೋಂಕನ್ನಲ್ಲ. ಮೈ ತಣ್ಣಗಾಯಿತೆಂದು ಮನೆಯವರು ಮಲಗುತ್ತಾರೆ, ಬ್ಯಾಕ್ಟೀರಿಯಾ ಮಲಗುವುದಿಲ್ಲ. ಐಬುಪ್ರೊಫೆನ್, ಮೆಫೆನಮಿಕ್ ಆ್ಯಸಿಡ್, ಆ್ಯಸ್ಪಿರಿನ್ ಇರುವ ಯಾವ ಜ್ವರದ ಸಿರಪ್ಪೂ ಬೇಡ, ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸೊಂಟಕ್ಕೆ ಇಂಜೆಕ್ಷನ್ ಕೂಡ ಹಾಕಿಸಬಾರದು.

ನಮ್ಮ ಮನೆಯಲ್ಲಿ ಇದು ಎರಡನೆಯ ತಿಂಗಳಲ್ಲೇ ಪರೀಕ್ಷೆಗೆ ಬಂತು. ರಾತ್ರಿ ಹನ್ನೊಂದೂವರೆಗೆ 101.2 ಇತ್ತು. ನಮ್ಮ ಆಯಿ ಒಲೆಯ ಮೇಲೆ ಕಷಾಯಕ್ಕೆ ನೀರಿಟ್ಟು, “ತಮಾ, ಹೊರಗೆ ಮಳೆ, ಒಂದು ಗುಟುಕು ಕುಡಿಸಿ ಬೆಳಗಿನವರೆಗೆ ನೋಡು” ಎಂದರು. ಅವರು ನಾಲ್ಕು ಮಕ್ಕಳನ್ನು ಹಾಗೇ ಸಾಕಿದವರು, ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನಾನು ಎಎನ್‌ಸಿ ಪುಸ್ತಕದ ಕೊನೆಯ ಸಾಲು ತೋರಿಸಿದೆ: 210. ಸೊನ್ನೆಗೆ ಅದು ಎಷ್ಟು ಹತ್ತಿರ ಎಂಬುದು ಅವರಿಗೆ ವಿವರಣೆಯಿಲ್ಲದೇ ತಿಳಿಯಿತು. ಒಲೆ ಆರಿಸಿ ಚೀಲ ತಂದುಕೊಟ್ಟರು. ಹತ್ತಿರದ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಇದ್ದವರು ಮಾತ್ರ ಪ್ಯಾರಾಸಿಟಮಾಲ್ ಬರೆದುಕೊಟ್ಟು ಬೆಳಿಗ್ಗೆ ದೊಡ್ಡ ಡಾಕ್ಟರು ಬಂದ ಮೇಲೆ ನೋಡೋಣ ಎಂದರು. ಅವರನ್ನು ದೂರಿ ಪ್ರಯೋಜನವಿಲ್ಲ. ನಾವು ಕೈಯಲ್ಲಿ ಕಾಗದವಿಲ್ಲದೆ ಹೋಗಿದ್ದೆವು, ಅವರ ಮುಂದೆ ಇದ್ದದ್ದು ಜ್ವರ ಬಂದ ಇನ್ನೊಂದು ಮಗು ಅಷ್ಟೇ. ನಮ್ಮ ಚಿಕಿತ್ಸೆಯ ಆಸ್ಪತ್ರೆಗೆ ಫೋನು ಹಚ್ಚಿ, ಅಲ್ಲಿಯ ವೈದ್ಯರೇ ಮಾತನಾಡಿದ ಮೇಲೆ ಮೊದಲ ಡೋಸ್ ಆ್ಯಂಟಿಬಯೋಟಿಕ್ ಏರಿತು. ಅಷ್ಟರಲ್ಲಿ ಎರಡು ಗಂಟೆ ಹೋಗಿತ್ತು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಶುರುವಾಗಬೇಕು ಎಂಬುದು ಎಲ್ಲೆಡೆ ಒಪ್ಪಿಕೊಂಡ ಗುರಿ.

ಆದ್ದರಿಂದ ಮೊದಲ ಡಿಸ್ಚಾರ್ಜ್ ದಿನವೇ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ರೋಗದ ಹೆಸರು, ನಡೆಯುತ್ತಿರುವ ಚಿಕಿತ್ಸೆಯ ಹಂತ, ಮಗುವಿನ ತೂಕ, ಅಲರ್ಜಿ, ಜ್ವರ ಬಂದರೆ ಕೂಡಲೇ ಮಾಡಬೇಕಾದ ರಕ್ತಪರೀಕ್ಷೆ ಮತ್ತು ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷೆ), ಕೊಡಬೇಕಾದ ಮೊದಲ ಆ್ಯಂಟಿಬಯೋಟಿಕ್ಕಿನ ಹೆಸರು ಮತ್ತು ಪ್ರಮಾಣ, ವಾರ್ಡಿನ ರಾತ್ರಿಯ ಫೋನ್ ನಂಬರ್ ಇಷ್ಟೂ ಇರಬೇಕು. ಆ ಪತ್ರದ ಪ್ರತಿಯನ್ನು ಹಿಡಿದುಕೊಂಡು, ಮಗು ಚೆನ್ನಾಗಿರುವ ಒಂದು ದಿನ ನಿಮ್ಮ ತಾಲೂಕು ಆಸ್ಪತ್ರೆಗೋ ನಂಬಿಕೆಯ ಮಕ್ಕಳ ವೈದ್ಯರ ಬಳಿಗೋ ಹೋಗಿ, ಈ ಔಷಧ ನಿಮ್ಮಲ್ಲಿ ರಾತ್ರಿಯೂ ಸಿಗುತ್ತದೆಯೇ, ಮೊದಲ ಡೋಸ್ ನೀವು ಕೊಡುವಿರಾ ಎಂದು ಕೇಳಿಕೊಂಡು ಬನ್ನಿ. ಇಲ್ಲ ಎಂದರೂ ಅದು ಒಳ್ಳೆಯ ಮಾಹಿತಿಯೇ, ಆ ರಾತ್ರಿ ಅಲ್ಲಿಗೆ ಹೋಗಿ ಸಮಯ ಕಳೆಯುವುದು ತಪ್ಪುತ್ತದೆ.

ಜ್ವರದ ಚೀಲದಲ್ಲಿ ನಾವು ಇಡುತ್ತಿದ್ದದ್ದು: ಆ ಪತ್ರದ ಎರಡು ಪ್ರತಿ, ಕೊನೆಯ ರಿಪೋರ್ಟುಗಳು, ಆಯುಷ್ಮಾನ್ ಕಾರ್ಡು ಮತ್ತು ರೇಷನ್ ಕಾರ್ಡಿನ ನಕಲು, ಎರಡು ಜೊತೆ ಬಟ್ಟೆ, ದಿನದ ಮಾತ್ರೆಗಳು, ಕುದಿಸಿ ಆರಿಸಿದ ನೀರಿನ ಬಾಟಲಿಗೆ ಜಾಗ, ಮಾಸ್ಕ್, ಸ್ಯಾನಿಟೈಸರ್, ಫೋನಿನ ಚಾರ್ಜರ್, ಮೂರು ಸಾವಿರ ರೂಪಾಯಿ ನಗದು, ಮತ್ತು ಮಗಳು ತಾನಾಗಿ ಹಾಕಿಟ್ಟ ಒಂದು ಮರದ ಆನೆ. ನಗದು ಏಕೆಂದರೆ ಮಳೆಯಲ್ಲಿ ನೆಟ್‌ವರ್ಕ್ ಹೋದರೆ ಪೆಟ್ರೋಲ್ ಬಂಕಿನಲ್ಲಿ ಫೋನ್ ತೋರಿಸಿ ಉಪಯೋಗವಿಲ್ಲ.

ಮೂರನೆಯ ಹೆಜ್ಜೆ: ದಾರಿ

ನಮ್ಮ ಜಿಲ್ಲೆಯ ಮಕ್ಕಳ ಕ್ಯಾನ್ಸರ್ ಚಿಕಿತ್ಸೆ ಬಹುಪಾಲು ಜಿಲ್ಲೆಯ ಹೊರಗೇ ನಡೆಯುತ್ತದೆ. ಕರಾವಳಿಯ ಕೆಳಭಾಗದವರು ಮಣಿಪಾಲಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕಾರವಾರದವರಲ್ಲಿ ಅನೇಕರು ಗೋವಾಕ್ಕೆ, ಇನ್ನು ಕೆಲವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್ ಇದೆ. ಹಗಲಿನಲ್ಲಿ ಎರಡೂವರೆ ಗಂಟೆ ಎಂದುಕೊಂಡದ್ದು ಜುಲೈ ತಿಂಗಳ ರಾತ್ರಿಯಲ್ಲಿ ಎಷ್ಟಾದರೂ ಆಗಬಹುದು.

ಮಳೆಗಾಲಕ್ಕೆ ಮೊದಲೇ ಎರಡು ದಾರಿ ಗೊತ್ತು ಮಾಡಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಆ ದಿನಗಳಲ್ಲಿ ಕಾರವಾರದ ಕಡೆಯಿಂದ ಕುಮಟಾ ದಾಟಿ ಹೋಗಬೇಕಾದ ರೋಗಿಗಳು ಎಲ್ಲೆಲ್ಲೋ ಸುತ್ತಬೇಕಾಯಿತು. ದೇವಿಮನೆ ಘಟ್ಟವಾಗಲಿ ಅರಬೈಲು ಘಟ್ಟವಾಗಲಿ ತೆರೆದಿದೆಯೇ ಎಂದು ವಿಚಾರಿಸಲು, ರಾತ್ರಿ ಫೋನ್ ಎತ್ತುವ ಒಬ್ಬ ಟ್ಯಾಕ್ಸಿ ಚಾಲಕರ ಪರಿಚಯ ಮ್ಯಾಪಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಾಗೆಯೇ ಊರಿನಲ್ಲಿ ಕಾರಿರುವ ಎರಡು ಮನೆಯವರಿಗೆ ವಿಷಯ ಮೊದಲೇ ಹೇಳಿಡಿ. ಕೇಳಲು ಸಂಕೋಚವಾಗುತ್ತದೆ ನಿಜ, ಆದರೆ ಕೇಳಿದಾಗ ನಮಗೆ ಇಲ್ಲ ಎಂದವರು ಯಾರೂ ಇರಲಿಲ್ಲ. 108 ಆಂಬುಲೆನ್ಸನ್ನು ಕರೆಯುವುದಾದರೆ ಮುಖ್ಯರಸ್ತೆಯಿಂದ ನಿಮ್ಮ ಮನೆಗೆ ತಿರುಗುವ ಗುರುತನ್ನು ಒಂದೇ ವಾಕ್ಯದಲ್ಲಿ ಹೇಳಲು ಮನೆಯ ಎಲ್ಲರೂ ಅಭ್ಯಾಸ ಮಾಡಿಕೊಂಡಿರಲಿ. ತೋಟದ ದಾರಿ, ಸಂಕ, ದಣಪೆ ಎಂದೆಲ್ಲ ವಿವರಿಸುತ್ತಾ ಹೋದರೆ ಹುಬ್ಬಳ್ಳಿ ಕಡೆಯವರಾದ ಚಾಲಕರಿಗೆ ಅರ್ಥವಾಗುವುದಿಲ್ಲ.

ಎಣಿಕೆ 500ಕ್ಕಿಂತ ಕೆಳಗಿರುವ ವಾರ, ಮೇಲಾಗಿ ಭಾರೀ ಮಳೆಯ ಎಚ್ಚರಿಕೆಯೂ ಇದ್ದರೆ, ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲೋ ನೆಂಟರ ಮನೆಯಲ್ಲೋ ಉಳಿಯುವುದು ನನ್ನ ಅಭಿಪ್ರಾಯದಲ್ಲಿ ಖರ್ಚಿಗೆ ತಕ್ಕ ಕೆಲಸ. ಸಾಮಾನ್ಯ ತಪಾಸಣೆಗೆ ಕುಮಟಾ, ಹೊನ್ನಾವರ, ಭಟ್ಕಳಗಳಿಂದ ರೈಲಿನಲ್ಲಿ ಹೋಗುವವರು, ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲ್ವೆ ಕೊಡುವ ದರ ರಿಯಾಯಿತಿಯ ಪ್ರಮಾಣಪತ್ರವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಕಾಗದಪತ್ರದ ಕೆಲಸವನ್ನು ಮನೆಯ ಬೇರೊಬ್ಬರಿಗೆ ವಹಿಸಿ, ಮಗುವಿನ ಹತ್ತಿರ ಇರುವವರು ಅದಕ್ಕೆ ಅಲೆಯಬಾರದು.

ನಾಲ್ಕನೆಯ ಹೆಜ್ಜೆ: ಮನೆ, ಕೊಟ್ಟಿಗೆ, ತೋಟ

ಪೇಟೆಯ ಮನೆಗಳಿಗೆಂದು ಬರೆದ ಸೂಚನೆಗಳಲ್ಲಿ ಕೊಟ್ಟಿಗೆಯ ಮಾತೇ ಇರುವುದಿಲ್ಲ. ನಮ್ಮ ಮನೆಗಳಲ್ಲಿ ದೊಡ್ಡ ತೊಂದರೆ ಬೂಷ್ಟು. ಆ್ಯಸ್ಪರ್ಜಿಲ್ಲಸ್ ಎಂಬ ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇದ್ದರೂ, ಕೊಳೆಯುತ್ತಿರುವ ಸೊಪ್ಪು, ಒದ್ದೆ ಹುಲ್ಲು, ಗೊಬ್ಬರ ಗುಂಡಿ, ಮಣ್ಣು ಅಗೆಯುವ ಮತ್ತು ಗೋಡೆ ಒಡೆಯುವ ಜಾಗಗಳಲ್ಲಿ ಬಹಳ ಹೆಚ್ಚಿರುತ್ತವೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಅದರಿಂದ ಏನೂ ಆಗುವುದಿಲ್ಲ. ನ್ಯೂಟ್ರೋಫಿಲ್ ಬಹುದಿನ ತಳದಲ್ಲಿರುವ ಮಗುವಿನ ಶ್ವಾಸಕೋಶಕ್ಕೆ ಅದು ಹೊಕ್ಕರೆ ಚಿಕಿತ್ಸೆ ಕಷ್ಟ.

ಹಾಗಾಗಿ ಮಗುವಿಗೆ ಮನೆಯಲ್ಲಿ ಅತಿ ಒಣಗಿದ, ಬಿಸಿಲು ಬೀಳುವ ಕೋಣೆಯನ್ನು ಕೊಡಿ, ಅದು ಜಗುಲಿಯ ಪಕ್ಕದ ಕೋಣೆಯಾದರೂ ಚಿಂತೆಯಿಲ್ಲ. ಗೋಡೆಯ ಮೇಲೆ ಕಪ್ಪು ಕಲೆ ಕಂಡರೆ ಮಗುವನ್ನು ಬೇರೆಡೆ ಕಳಿಸಿ ಒರೆಸಿ, ಒಣಗಿದ ಮೇಲೆ ಕರೆದುಕೊಂಡು ಬನ್ನಿ. ಅಡಿಕೆ ಸುಲಿಯುವ ಕೆಲಸ ಆ ಕಾಲದಲ್ಲಿ ಮನೆಯ ಅಂಗಳದಲ್ಲಿ ಬೇಡ. ಸುಲಿಯುವವರ ಹರಟೆ ಮಗುವಿಗೆ ಎಷ್ಟೇ ಇಷ್ಟವಾದರೂ ಸಿಪ್ಪೆಯ ರಾಶಿ ಮತ್ತು ಕೊಳೆ ಅಡಿಕೆಯ ಧೂಳು ಒಳ್ಳೆಯದಲ್ಲ. ನಾವು ಎರಡು ವರ್ಷ ಹಸಿ ಅಡಿಕೆಯನ್ನೇ ಮಾರಿದೆವು, ಸ್ವಲ್ಪ ನಷ್ಟವಾಯಿತು. ಅಟ್ಟದ ಸಾಮಾನು ಇಳಿಸುವುದು, ಹುಲ್ಲಿನ ಗೊಣಬೆ ಕೆದರುವುದು, ಹಂಚು ಬದಲಿಸುವುದು ಇಂಥ ಕೆಲಸಗಳನ್ನು ಎಣಿಕೆ ಏರಿರುವ ವಾರಗಳಿಗೆ ಮುಂದೂಡಿ. ಮಳೆಗಾಲದಲ್ಲಿ ಬಟ್ಟೆ ಅರೆ ಒಣಗಿದಂತೆಯೇ ಮಡಚುವುದು ನಮ್ಮಲ್ಲಿ ಸಾಮಾನ್ಯ. ಮಗುವಿನ ಬಟ್ಟೆಯನ್ನು ಬಚ್ಚಲ ಒಲೆಯ ಬಿಸಿಯಲ್ಲಿ ಪೂರ್ತಿ ಒಣಗಿಸಿ ಇಸ್ತ್ರಿ ಮಾಡಿ.

ಹಾಲು ಕರೆದವರು, ಸಗಣಿ ಬಾಚಿದವರು ಕೈಕಾಲು ಸೋಪಿನಲ್ಲಿ ತೊಳೆದು ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು. ಕರು, ಕೋಳಿ, ಬೆಕ್ಕಿನ ಮರಿ ಇವುಗಳನ್ನು ದೂರದಿಂದ ನೋಡಲು ಅಡ್ಡಿಯಿಲ್ಲ, ಅವುಗಳ ಕಸ ಬಳಿಯುವ ಕೆಲಸಕ್ಕೆ ಮಗು ಕೈ ಹಚ್ಚಬಾರದು. ಮಳೆಗಾಲದ ಗದ್ದೆ ನೀರಿನಲ್ಲಿ ಇಲಿಜ್ವರದ ಭಯವಿದೆ, ಬರಿಗಾಲಿನ ಆಟ ಬೇಡ. ಪೋರ್ಟ್ ಅಥವಾ ಲೈನ್ ಇರುವಾಗ ಹೊಳೆ, ಸಮುದ್ರ ಎರಡರಲ್ಲಿಯೂ ಈಜು ಬೇಡ.

ಮಂಗನ ಕಾಯಿಲೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ವೈರಸ್ ರೋಗ ಈಗ ಸಿದ್ದಾಪುರ, ಹೊನ್ನಾವರ, ಶಿರಸಿಯ ಕಾಡಂಚಿನವರಿಗೂ ಹೊಸದಲ್ಲ. ಉಣುಗಿನ (ಉಣ್ಣಿಯ) ಕಡಿತದಿಂದ ಹರಡುತ್ತದೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ತರುವ ಕಾಲವೂ ಅದೇ. ದರಕಿನ ಹೊರೆಯನ್ನು ಮನೆಯ ಬಾಗಿಲಿನಲ್ಲಿ ಇಳಿಸಬೇಡಿ, ತಂದವರು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಲಿ. ಉಣುಗು ಓಡಿಸುವ ಎಣ್ಣೆಯನ್ನು ವೈದ್ಯರನ್ನು ಕೇಳದೆ ಮಗುವಿನ ಮೈಗೆ ಹಚ್ಚಬೇಡಿ.

ಐದನೆಯ ಹೆಜ್ಜೆ: ಊಟ

ಎಣಿಕೆ ಕಡಿಮೆಯಿರುವಾಗ ಹಸಿ ಹಣ್ಣು ತರಕಾರಿಗಳನ್ನೆಲ್ಲ ಬಿಡಿಸಿ ವಿಶೇಷ ಪಥ್ಯ ಮಾಡಿಸುವ ಪದ್ಧತಿ ಮೊದಲು ಇತ್ತು. ಅದರಿಂದ ಸೋಂಕು ಕಡಿಮೆಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಗಲಿಲ್ಲ, ಶುಚಿಯಾದ ಸಾಮಾನ್ಯ ಊಟವೇ ಸಾಕು ಎನ್ನುವ ಕಡೆಗೆ ಈಗ ವೈದ್ಯರು ವಾಲಿದ್ದಾರೆ. ಬಾವಿ ನೀರಾಗಲಿ ಅಬ್ಬಿ ನೀರಾಗಲಿ, ಎಷ್ಟೇ ತಿಳಿಯಾಗಿ ಕಂಡರೂ ಕೊತಕೊತ ಕುದಿಸಿ ಆರಿಸಿಯೇ ಕೊಡಿ. ಅನ್ನ, ಸಾರು, ಗಂಜಿ ತುಪ್ಪ, ದೋಸೆ, ಇಡ್ಲಿ ಎಲ್ಲವೂ ಬಿಸಿಯಾಗಿರುವಾಗಲೇ ಆಗಬಹುದು. ಬಾಳೆಹಣ್ಣು, ಕಿತ್ತಳೆ, ಸಿಪ್ಪೆ ತೆಗೆದ ಮಾವಿನಹಣ್ಣು ತೊಳೆದು ಮನೆಯಲ್ಲೇ ಹೆಚ್ಚಿ ಕೊಡಬಹುದು. ಕರಾವಳಿಯ ಮನೆಗಳಲ್ಲಿ ತಾಜಾ ಮೀನನ್ನು ಮುಳ್ಳಿನವರೆಗೂ ಬೇಯಿಸಿ ಕೊಡಲು ಅಡ್ಡಿಯಿಲ್ಲ. ಬಳಚು, ಚಿಪ್ಪಿಗಳನ್ನು ಮಾತ್ರ ಈ ಕಾಲದಲ್ಲಿ ಬಿಡುವುದು ಲೇಸು. ಮೊಟ್ಟೆ ಗಟ್ಟಿಯಾಗಿ ಬೆಂದಿರಬೇಕು.

ನಮ್ಮ ಕಡೆಯ ತಂಬುಳಿಯ ವಿಷಯದಲ್ಲಿ ನನಗೂ ಗೊಂದಲವಿತ್ತು. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿ ರುಬ್ಬಿ, ಕಾಯಿಸಿದ ಹಾಲಿನಿಂದ ಹೆಪ್ಪು ಹಾಕಿದ ಅದೇ ದಿನದ ಮಜ್ಜಿಗೆ ಸೇರಿಸಿದ ತಂಬುಳಿಗೆ ನಮ್ಮ ವೈದ್ಯರು ಒಪ್ಪಿದರು, ಹಸಿ ಸೊಪ್ಪಿನದಕ್ಕೆ ಒಪ್ಪಲಿಲ್ಲ. ನಿಮ್ಮವರನ್ನು ಕೇಳಿಕೊಳ್ಳಿ. ಕಾಯಿಸದ ಹಾಲು ಮತ್ತು ಹಸಿ ಜೇನುತುಪ್ಪ ಬೇಡವೇ ಬೇಡ, ಹಾಗಾಗಿ ದೇವಸ್ಥಾನದ ಪಂಚಾಮೃತವೂ ಬೇಡ. ತೀರ್ಥವನ್ನು ತಲೆಯ ಮೇಲೆ ಪ್ರೋಕ್ಷಿಸಿದರೆ ಸಾಲುತ್ತದೆ ಎಂದು ನಮ್ಮೂರಿನ ಭಟ್ಟರೇ ಹೇಳಿಕೊಟ್ಟ ಮೇಲೆ ಮನೆಯ ಹಿರಿಯರ ಮನಸ್ಸಿನ ಭಾರ ಇಳಿಯಿತು.

ನಾಟಿ ಔಷಧಿಯ ಸಲಹೆ ಕೊಡುವವರು ಬಹಳ ಮಂದಿ ಬರುತ್ತಾರೆ. ಅಮೃತಬಳ್ಳಿಯ ಕಷಾಯದಿಂದ ಕೆಲವರಿಗೆ ಯಕೃತ್ತಿಗೆ ಹಾನಿಯಾದದ್ದು ವರದಿಯಾಗಿದೆ, ಮರ್ಕ್ಯಾಪ್ಟೊಪ್ಯೂರಿನ್, ಮೆಥೋಟ್ರೆಕ್ಸೇಟ್‌ಗಳು ಅದೇ ಯಕೃತ್ತಿನ ಮೇಲೆ ಮೊದಲೇ ಹೊರೆ ಹಾಕಿರುತ್ತವೆ. ಕೊಟ್ಟವರಿಗೆ ಕೈ ಮುಗಿದು ತೆಗೆದಿರಿಸಿ, ಮಗುವಿಗೆ ಕೊಡುವ ಮೊದಲು ವೈದ್ಯರಿಗೆ ಹೇಳಿ. ಅದನ್ನು ನಂಬಿ ಕೀಮೋ ನಿಲ್ಲಿಸುವುದಂತೂ ಗುಣವಾಗಬಹುದಾದ ರೋಗವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಆರನೆಯ ಹೆಜ್ಜೆ: ಬಾಯಿ ಮತ್ತು ಮೈ

ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿ ಹಲ್ಲು, ಪ್ರತಿ ಊಟದ ನಂತರ ಆಸ್ಪತ್ರೆಯವರು ಹೇಳಿಕೊಟ್ಟ ಉಪ್ಪು ಸೋಡಾ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ದಿನವೂ ಸ್ನಾನ. ಸ್ನಾನದ ಹೊತ್ತಿನಲ್ಲಿ ಬಾಯಿಯ ಹುಣ್ಣು, ತೊಡೆಸಂದು, ಗುದದ ಸುತ್ತಲಿನ ಕೆಂಪು, ಲೈನ್ ಇರುವ ಜಾಗ ಇಷ್ಟನ್ನು ಕಣ್ಣಿನಲ್ಲೇ ನೋಡಿ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧ ಕೊಟ್ಟ ದಿನಗಳಲ್ಲಿ ಮಲಬದ್ಧತೆ ಸಾಮಾನ್ಯ, ಅದಕ್ಕೆ ಸಿರಪ್ ಬರೆಸಿಕೊಳ್ಳಿ. ಕೀಮೋ ಕೊಟ್ಟ ಎರಡು ದಿನ ಮಗುವಿನ ವಾಂತಿ, ಮಲಮೂತ್ರ ತೆಗೆಯುವವರು ಗ್ಲೌಸ್ ಹಾಕಿಕೊಳ್ಳಬೇಕು, ಮನೆಯಲ್ಲಿ ಗರ್ಭಿಣಿ ಇದ್ದರೆ ಅವರು ಆ ಕೆಲಸ ಮಾಡಬಾರದು.

ಏಳನೆಯ ಹೆಜ್ಜೆ: ಲಸಿಕೆ ಮತ್ತು ‘ಅಮ್ಮ’

ಚಿಕಿತ್ಸೆ ನಡೆಯುವಾಗ ಮಗುವಿಗೆ ಜೀವಂತ ವೈರಸ್ ಇರುವ ಲಸಿಕೆಗಳನ್ನು, ಅಂದರೆ ದಡಾರ ರುಬೆಲ್ಲಾ, ಚಿಕನ್‌ಪಾಕ್ಸ್, ಪೋಲಿಯೊ ಹನಿಗಳನ್ನು ಹಾಕಿಸಬಾರದು. ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಮನೆಯ ಇತರ ಚಿಕ್ಕ ಮಕ್ಕಳಿಗೂ ಬಾಯಿ ಹನಿ ಹಾಕಿಸಬಾರದು; ಹನಿ ಹಾಕಿಸಿಕೊಂಡ ಮಗುವಿನ ಮಲದಲ್ಲಿ ಲಸಿಕೆಯ ವೈರಸ್ ಕೆಲವು ವಾರ ಹೊರಬೀಳುತ್ತದೆ. ಅವರಿಗೆ ಪೋಲಿಯೊ ಇಂಜೆಕ್ಷನ್ ಕೊಡಿಸಬಹುದು. ಪಲ್ಸ್ ಪೋಲಿಯೊ ದಿನಗಳಲ್ಲಿ ಅಂಗನವಾಡಿಯವರು ಮನೆಗೇ ಬಂದಾಗ ಬೇಡ ಎಂದರೆ ಅವರಿಗೆ ಕಷ್ಟವಾಗುತ್ತದೆ, ವೈದ್ಯರ ಚೀಟಿಯನ್ನು ಮುಂಚೆಯೇ ತೋರಿಸಿಡಿ. ಉಳಿದಂತೆ ಮನೆಯ ಎಲ್ಲರೂ ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್ ತೆಗೆದುಕೊಳ್ಳುವುದು, ಒಡಹುಟ್ಟಿದವರಿಗೆ ದಡಾರ, ಚಿಕನ್‌ಪಾಕ್ಸ್ ಲಸಿಕೆ ಮುಗಿಸುವುದು ಮಗುವಿನ ಸುತ್ತ ಬೇಲಿ ಹಾಕಿದಂತೆ.

ಚಿಕನ್‌ಪಾಕ್ಸನ್ನು ನಮ್ಮಲ್ಲಿ ‘ಅಮ್ಮ ಬಂದಿದೆ’ ಎನ್ನುವುದುಂಟು, ಭಯಭಕ್ತಿಯಿಂದ ಹೊರಗೆ ಹೇಳದೆ ಇರುವುದೂ ಉಂಟು. ಈ ಮಕ್ಕಳಿಗೆ ಅದು ಶ್ವಾಸಕೋಶ, ಯಕೃತ್ತಿಗೆ ಹರಡಿ ಪ್ರಾಣಕ್ಕೆ ಮುಳುವಾಗಬಲ್ಲದು. ಗುಳ್ಳೆ ಏಳುವ ಎರಡು ದಿನ ಮೊದಲಿನಿಂದಲೇ ಅದು ಹರಡುತ್ತದೆ. ಮಗು ಅಂಥವರ ಜೊತೆಗಿತ್ತು ಎಂದು ಗೊತ್ತಾದ ದಿನವೇ ಫೋನ್ ಮಾಡಿ. ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೊಡುವುದಾದರೆ ಮೊದಲ ನಾಲ್ಕು ದಿನಗಳು ಅಮೂಲ್ಯ; ವೈರಸ್ ತಡೆಯುವ ಅಸೈಕ್ಲೊವಿರ್ ಯಾವಾಗ ಶುರು ಮಾಡಬೇಕು ಎಂಬುದನ್ನು ವೈದ್ಯರು ಹೇಳುತ್ತಾರೆ. ಶಾಲೆಗೆ ಮರಳಿದ ಮೇಲೆ ತರಗತಿಯ ಅಕ್ಕೋರಿಗೆ ನಾನು ಕೇಳಿಕೊಂಡದ್ದೂ ಇದನ್ನೇ: ಯಾವ ಮಗುವಿಗಾದರೂ ಅಮ್ಮ ಅಥವಾ ದಡಾರ ಬಂದರೆ ಅದೇ ದಿನ ಒಂದು ಫೋನ್ ಮಾಡಿ, ಬೇರೆ ಯಾವ ವಿಶೇಷ ಕಾಳಜಿಯೂ ಬೇಡ.

ಎಂಟನೆಯ ಹೆಜ್ಜೆ: ಮಗುವನ್ನು ಮಗುವಾಗಿಯೇ ಬೆಳೆಸುವುದು

ಸ್ಟೀರಾಯ್ಡ್ ವಾರಗಳಲ್ಲಿ ಮಗಳು ರಾತ್ರಿ ಎರಡು ಗಂಟೆಗೆ ಎದ್ದು ಬಿಸಿ ಅನ್ನಕ್ಕೆ ಮಿಡಿ ಉಪ್ಪಿನಕಾಯಿಯ ರಸ ಬೇಕೆಂ‍ದು ಹಟ ಮಾಡುತ್ತಿದ್ದಳು, ಕೊಡುವುದು ತಡವಾದರೆ ತಟ್ಟೆ ತಳ್ಳುತ್ತಿದ್ದಳು. ಆ ಹಸಿವೂ ಸಿಟ್ಟೂ ಔಷಧದ್ದು ಎಂದು ತಿಳಿದಿದ್ದರೆ ಅರ್ಧ ಸಹನೆ ತಾನಾಗಿ ಬರುತ್ತದೆ. ಸ್ಟೀರಾಯ್ಡಿನಿಂದ ರಕ್ತದೊತ್ತಡ ಏರುವುದರಿಂದ ಉಪ್ಪಿನಕಾಯಿಗೆ ಬದಲು ನಿಂಬೆ ಹಿಂಡಿದ ಬೇಳೆಸಾರು ಕೊಟ್ಟೆವು. ಆದರೆ ತಟ್ಟೆ ತಳ್ಳಿದ್ದಕ್ಕೆ, ತಮ್ಮನಿಗೆ ಹೊಡೆದದ್ದಕ್ಕೆ ಮೊದಲಿನಂತೆಯೇ ಗದರಿದೆವು. ರೋಗ ಬಂದ ಮೇಲೆ ಎಲ್ಲ ನಿಯಮಗಳೂ ಮನೆಯಿಂದ ಮಾಯವಾದರೆ ಮಗುವಿಗೆ ಬೇರೆಯೇ ಭಯ ಹುಟ್ಟುತ್ತದೆ.

ನಿರ್ಬಂಧವನ್ನು ಎಣಿಕೆಗೆ ಕಟ್ಟಿ, ಮಗುವಿಗೆ ಕಟ್ಟಬೇಡಿ. ನಮ್ಮಲ್ಲಿ ಪುಸ್ತಕದ ಸಂಖ್ಯೆ 1,000 ದಾಟಿದ ದಿನ ಅಂಗಳದ ಆಟ, ಪಕ್ಕದ ಮನೆಯ ಗೆಳತಿ, ಜನ ಕಡಿಮೆಯಿರುವ ಮಧ್ಯಾಹ್ನ ಕಡಲ ತೀರದಲ್ಲಿ ನಡಿಗೆ ಇದೆಲ್ಲವೂ ಉಂಟು. 500ಕ್ಕಿಂತ ಕೆಳಗೆ ಜಗುಲಿಯವರೆಗೆ ಮಾತ್ರ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಮಾತ್ರ ಯಾವ ಸಂಖ್ಯೆ ಇದ್ದರೂ ಹೋಗಲಿಲ್ಲ, ಆ ಜನಸಾಗರದಲ್ಲಿ ಕೆಮ್ಮುವವರನ್ನು ಆರಿಸಿ ದೂರ ಇಡಲು ಸಾಧ್ಯವಿಲ್ಲ. ಬಳೆಯನ್ನು ತಂದುಕೊಟ್ಟೆವು.

ನೋಡಲು ಬರುವವರಿಗೆ ಜಗುಲಿಯಲ್ಲೇ ಒಂದು ಬಕೆಟ್ ನೀರು, ಸೋಪು, ಮಾಸ್ಕ್ ಇಟ್ಟು, ನೆಗಡಿಯಿದ್ದವರು ದಯವಿಟ್ಟು ಫೋನಿನಲ್ಲೇ ಮಾತನಾಡಿ ಎಂದು ಚೀಟಿ ಅಂಟಿಸಿದ್ದೆವು. ಬಾಯಲ್ಲಿ ಹೇಳಿದರೆ ಬೇಸರಪಡುವವರು ಬರೆದದ್ದನ್ನು ಓದಿ ಸುಮ್ಮನಿರುತ್ತಾರೆ. ಒಡಹುಟ್ಟಿದ ಮಗುವಿಗೆ ವಾರದಲ್ಲಿ ಒಂದು ಹೊತ್ತಾದರೂ ಅಪ್ಪನೋ ಅಮ್ಮನೋ ಪೂರ್ತಿಯಾಗಿ ಸಿಗುವಂತೆ ನೋಡಿಕೊಳ್ಳಿ. ನಮ್ಮ ಮಗ ಒಮ್ಮೆ ತನಗೂ ಜ್ವರ ಬಂದಿದೆ ಎಂದು ಥರ್ಮಾಮೀಟರನ್ನು ಬಿಸಿ ಹಾಲಿನ ಲೋಟಕ್ಕೆ ಅದ್ದಿದ್ದ.

ಚಿಕಿತ್ಸೆ ಮುಗಿದ ದಿನವೇ ರಕ್ಷಣಾಶಕ್ತಿ ಮರಳುವುದಿಲ್ಲ, ಅದಕ್ಕೆ ಹಲವು ತಿಂಗಳು ಹಿಡಿಯುತ್ತದೆ. ಕೋಟ್ರೈಮಾಕ್ಸಜೋಲ್ ಇನ್ನೂ ಕೆಲಕಾಲ ಮುಂದುವರಿಯಬಹುದು, ತಪ್ಪಿಹೋದ ಲಸಿಕೆಗಳನ್ನು ವೈದ್ಯರು ಹೇಳಿದ ಸಮಯಕ್ಕೆ ಮತ್ತೆ ಹಾಕಿಸಬೇಕು, ಪೋರ್ಟ್ ಇರುವವರೆಗೂ ಜ್ವರದ ನಿಯಮ ಅದೇ. ನಮ್ಮ ಚೀಲ ಗೂಟದಿಂದ ಇಳಿದದ್ದು ಕೊನೆಯ ಮಾತ್ರೆ ಮುಗಿದ ಏಳನೆಯ ತಿಂಗಳಲ್ಲಿ. ಪತ್ರಗಳನ್ನು ಫೈಲಿಗೆ ಹಾಕಿ, ಮೂರು ಸಾವಿರವನ್ನು ಪೆಟ್ಟಿಗೆಗೆ ಹಾಕಿ, ಮರದ ಆನೆಯನ್ನು ಅದರ ಒಡತಿಗೆ ಕೊಟ್ಟೆವು.